ಹುಟ್ಟಿದ ದಿನದ ಎಡೆ

ಹಾನ್ಮುಲ್, ಜೆಜು ದ್ವೀಪ
ಜೂನ್ ೪, ೨೦೧೮

ಅಕ್ಕಾ,

ಮೊದಲು ಕುಳಿತುಕೋ. ನಿಂತು ಓದಿ ಎಡವಿ ಬಿದ್ದರೆ ಒಸಾಕಾದಿಂದ ನಿನ್ನ ಮಗ ನನ್ನ ಮೇಲೆ ಹರಿಹಾಯುತ್ತಾನೆ. ನಮ್ಮ ಹೊರಮನೆಗೆ ಜನ ಬಂದಿದ್ದಾರೆ! ಜನ ಅಂದರೆ ಒಬ್ಬನೇ, ಆದರೆ ಇಬ್ಬರ ಎತ್ತರ ಇದ್ದಾನೆ. ಯೆಮನ್ ದೇಶದವನು. ಹೆಸರು ಮುನೀಫ್, ವಯಸ್ಸು ಇಪ್ಪತ್ತಮೂರು. ನಮ್ಮ ತಗ್ಗು ಬಾಗಿಲಿಗೆ ದಿನಕ್ಕೆ ಎರಡು ಸಲ ಹಣೆ ಹೊಡೆದುಕೊಂಡು, ಬಾಗಿಲಿಗೇ ಕ್ಷಮೆ ಕೇಳುತ್ತಾನೆ.

ನೀನೂ ಟೀವಿಯಲ್ಲಿ ನೋಡಿರಬೇಕು. ಯುದ್ಧಕ್ಕೆ ಹೆದರಿ ಓಡಿಬಂದ ಐನೂರು ಜನ ನಮ್ಮ ದ್ವೀಪದಲ್ಲಿ ಇಳಿದಿದ್ದಾರೆ. ಆಶ್ರಯ ಕೊಡಿ ಎಂದು ಅರ್ಜಿ ಹಾಕಿ ಕಾಯುತ್ತಿದ್ದಾರೆ. ತೀರ್ಮಾನ ಆಗುವವರೆಗೆ ದ್ವೀಪ ಬಿಟ್ಟು ಹೊರಗೆ ಹೋಗುವಂತಿಲ್ಲ. ಇವನಿಗೆ ಊರಾಚೆಯ ಮೀನು ಸಾಕುವ ತೊಟ್ಟಿಗಳಲ್ಲಿ ಕೆಲಸ ಸಿಕ್ಕಿದೆ, ಮಲಗಲು ಜಾಗ ಸಿಕ್ಕಿರಲಿಲ್ಲ. ಅರಬ್ಬಿ ಓದಿದ ಯೂರಿಮ್ ಎಂಬ ಹೆಂಗಸು ಮನೆ ಮನೆ ಬಾಗಿಲು ಬಡಿದು ಕೇಳುತ್ತಿದ್ದಳು. ನನ್ನ ಕಿವಿಗೆ ಅವಳ ಮಾತು ಅರ್ಧವೂ ಬೀಳಲಿಲ್ಲ, ಆದರೂ ಹೂಂ ಅಂದುಬಿಟ್ಟೆ. ಆಮೇಲೆ ಗೊತ್ತಾಯಿತು ಯಾವುದಕ್ಕೆ ಹೂಂ ಅಂದದ್ದು ಅಂತ.

ಮೊದಲ ದಿನವೇ ಮರ್ಯಾದೆ ಹೋಯಿತು. ಪಾಪ ಹಸಿದು ಬಂದಿದ್ದಾನೆ ಎಂದು ಹಂದಿ ಮೂಳೆ ಕುದಿಸಿದ ಸಾರಿನಲ್ಲಿ ಶಾವಿಗೆ ಹಾಕಿ, ಮೇಲೆ ಮಾಂಸದ ತುಂಡು ಜೋಡಿಸಿ ಮುಂದಿಟ್ಟೆ. ಅವನು ಬಟ್ಟಲನ್ನೇ ನೋಡುತ್ತಾ ಕುಳಿತ. "ಯಾಕೋ, ಕೂದ್ಲು ಬಿದ್ದಿದ್ಯಾ?" ಎಂದು ಬಗ್ಗಿ ನೋಡಿದೆ. ಯೂರಿಮ್ ನಕ್ಕು ನಕ್ಕು, "ಅಜ್ಜಿ, ಇವ್ರು ಹಂದಿ ಮುಟ್ಟಲ್ಲ" ಅಂದಳು. ಈಗ ಅವನಿಗೆ ಕಡಲ ಪಾಚಿ ಸಾರು, ಸುಟ್ಟ ಮೀನು. ಮೂರು ಬಟ್ಟಲು ಅನ್ನ ಇಳಿಸುತ್ತಾನೆ.

ಊರಲ್ಲಿ ಗಲಾಟೆ ಇಲ್ಲದಿಲ್ಲ. ಚಿಪ್ಪು ಹೆಕ್ಕಲು ಕಡಲಲ್ಲಿ ಮುಳುಗಿ ಎದ್ದು, ಬುಲ್‌ತೊಕ್‌ನ ಕಲ್ಲುಗೋಡೆಯೊಳಗೆ ಬೆಂಕಿಯ ಸುತ್ತ ಮೈ ಕಾಯಿಸಿಕೊಳ್ಳುವಾಗ ನಮ್ಮ ಹಿರಿ ಮುಳುಗಾಳು ಬು ಇಂಜಾ ನನ್ನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡಳು. "ಏನೇ ಬೊಕ್‌ಸಿಲ್, ನಿನ್ಗೆ ತಲೆ ಕೆಟ್ಟಿದ್ಯಾ? ಯಾರೋ ಏನೋ, ಮನೆ ಒಳ್ಗೆ ಬಿಟ್ಕೊಂಡಿದ್ಯಲ್ಲ!" ನಾನೂ ಬಿಡಲಿಲ್ಲ. "ನಿನ್ನ ಗಂಡನ್ನ ನಲ್ವತ್ತು ವರ್ಷ ಮನೇಲಿ ಇಟ್ಕೊಂಡಿದ್ಯಲ್ಲ, ಅವ್ನ್ಯಾರು ಅಂತ ನಿನ್ಗೆ ಇವತ್ತಿಗಾದ್ರೂ ಗೊತ್ತಾ?" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೊಬ್ಬಳು ನಗಲಿಲ್ಲ.

ಅಕ್ಕಾ, ಒಂದು ಸಹಾಯ ಬೇಕು. ಅರ್ಜಿ ಕಚೇರಿಯಲ್ಲಿ ಅವನನ್ನು ಕೂರಿಸಿ ವಿಚಾರಿಸುತ್ತಾರಂತೆ, ಅದು ಈ ಹದಿನೆಂಟಕ್ಕೆ. ನೀನೂ ಹೀಗೇ ಜಪಾನಿಗೆ ಓಡಿಹೋದವಳಲ್ಲವಾ, ನಿನ್ನನ್ನೂ ಎಂಟು ತಿಂಗಳು ಶಿಬಿರದಲ್ಲಿಟ್ಟು ವಿಚಾರಿಸಿದ್ದರಲ್ಲವಾ? ಹೇಗೆ ಉತ್ತರ ಕೊಟ್ಟೆ? ಬೇಗ ಬರೆ. ಫೋನ್ ಮಾತ್ರ ಮಾಡಬೇಡ. ಅರವತ್ತು ವರ್ಷ ಕಡಲ ತಳಕ್ಕಿಳಿದ ಕಿವಿ ಇದು, ನೀನು ಕೂಗಿ ನಾನು ಕೂಗಿ ಎರಡು ದೇಶಕ್ಕೂ ಕೇಳುತ್ತದೆ, ನಮ್ಮಿಬ್ಬರಿಗೆ ಬಿಟ್ಟು.

ನಿನ್ನ ತಂಗಿ
ಬೊಕ್‌ಸಿಲ್


ಇಕುನೊ, ಒಸಾಕಾ
ಜೂನ್ ೧೨

ಬೊಕ್‌ಸಿಲ್,

ನಿನ್ನ ಕಾಗದ ಓದಿದೆ. ಅಕ್ಷರ ಸ್ವಲ್ಪ ಸಣ್ಣದಾಗಿ ಬರೆದರೆ ಅರ್ಧ ಹಾಳೆ ಉಳಿಯುತ್ತದೆ.

ಹುಡುಗನಿಗೆ ಹೇಳು: ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಲಿ. ಅಳಬಾರದು, ನಗಬಾರದು. ಅಧಿಕಾರಿ ನೀರು ಕೊಟ್ಟರೆ ಕುಡಿಯಲಿ.

ಮೊಣಕಾಲು ನೋವು ಹಾಗೇ ಇದೆ. ಸೊಸೆ ಕಿಮ್ಚಿಗೆ ಸಕ್ಕರೆ ಹಾಕುವುದನ್ನು ಇನ್ನೂ ಬಿಟ್ಟಿಲ್ಲ. ಇಲ್ಲಿ ಮಳೆ ಶುರುವಾಗಿದೆ.

ಮ್ಯೊಂಗ್‌ವೊಲ್


ಹಾನ್ಮುಲ್
ಜೂನ್ ೨೪

ಅಕ್ಕಾ,

ಅಂಗಿಗೆ ಇಸ್ತ್ರಿ ಮಾಡಿದೆ. ನಾನೇ ಮಾಡಿದೆ, ಕಾಲರ್ ಸ್ವಲ್ಪ ಸುಟ್ಟಿತು. ಏನೂ ಪ್ರಯೋಜನವಾಗಲಿಲ್ಲ.

ಯೂರಿಮ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅರ್ಜಿಯಲ್ಲಿ ಮುನೀಫ್ ಎರಡು ಹೆಸರು ಬರೆದಿದ್ದಾನೆ, ತನ್ನದೊಂದು, ತಮ್ಮ ರಶಾದ್‌ನದೊಂದು. ಇಬ್ಬರೂ ಜೊತೆಗೆ ಹೊರಟೆವು ಎಂದು ಬರೆದಿದ್ದಾನೆ. ಆದರೆ ಬಂದಿಳಿದವನು ಒಬ್ಬನೇ. ಅಧಿಕಾರಿ ಸೌಮ್ಯವಾಗಿಯೇ ಕೇಳಿದರಂತೆ, "ನಿಮ್ಮ ತಮ್ಮ ಎಲ್ಲಿ?" ಮತ್ತೆ ಕೇಳಿದರು. ಇವನು ಎದ್ದು ಹೊರಗೆ ಓಡಿ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡ. ಪುಣ್ಯಕ್ಕೆ ಇನ್ನೊಂದು ದಿನ ಕೊಟ್ಟಿದ್ದಾರೆ, ಜುಲೈ ಮೂವತ್ತೊಂದು. ಅವತ್ತೂ ಹೇಳದಿದ್ದರೆ ಅರ್ಜಿಯೇ ಸುಳ್ಳು ಎಂದು ತಿಳಿಯುತ್ತಾರೆ, ವಾಪಸ್ಸು ಕಳಿಸುತ್ತಾರೆ. ವಾಪಸ್ಸು ಎಂದರೆ ಎಲ್ಲಿಗೆ ಎಂದು ನಿನಗೆ ನಾನು ಹೇಳಬೇಕಾ?

ಇನ್ನೊಂದು ವಿಷಯ. ಪ್ರತಿ ಶುಕ್ರವಾರ ಅವನ ಅಮ್ಮ ಫೋನ್ ಮಾಡುತ್ತಾಳೆ. ರಶಾದ್ ಎಲ್ಲಿ ಎಂದು ಕೇಳುತ್ತಾಳಂತೆ. ಇವನು "ಕೆಲ್ಸಕ್ಕೆ ಹೋಗಿದಾನೆ", "ಸ್ನಾನ ಮಾಡ್ತಿದಾನೆ" ಅನ್ನುತ್ತಾನಂತೆ. ನಾನು ಕಣ್ಣಾರೆ ಕಂಡಿದ್ದೇನೆ, ಮಾತಾಡುವಾಗ ನಗುತ್ತಾನೆ, ಫೋನ್ ಇಟ್ಟ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಾನೆ.

ಮೊನ್ನೆ ನಮ್ಮ ಚಾಂದ್ರಮಾನದ ಐದನೇ ತಿಂಗಳ ಒಂಬತ್ತು, ನಮ್ಮ ಸುಬೊಂಗನ ಎಡೆ ಇಟ್ಟೆ. ಅನ್ನ, ಸುಟ್ಟ ಮೀನು, ಬಕ್‌ವೀಟ್ ಹಿಟ್ಟಿನ ಸುರುಳಿ ರೊಟ್ಟಿ, ಮಗು ಅಲ್ಲವಾ ಎಂದು ಎರಡು ಬನ್ನು. ಮುನೀಫ್ ಬಾಗಿಲಲ್ಲಿ ನಿಂತು ನೋಡಿದ. ಅವನು ಕಲಿತ ನಾಲ್ಕು ಮಾತಿನಲ್ಲೇ ಕೇಳಿದ, "ಅಜ್ಜಿ, ಇವತ್ತು ಸತ್ತ ದಿನಾನಾ?" ನಾನು ಹೇಳಿದೆ, "ಅಲ್ಲ ಕಣೋ, ಹುಟ್ಟಿದ್ ದಿನ. ನಲ್ವತ್ತೆಂಟರ ಗಲಾಟೇಲಿ ನಮ್ಮಣ್ಣ ಕಾಣೆಯಾದ. ಸತ್ತ ದಿನ ಗೊತ್ತಿಲ್ದೋರಿಗೆ ನಮ್ಮಲ್ಲಿ ಹುಟ್ಟಿದ್ ದಿನಾನೇ ಎಡೆ ಇಡೋದು." ಅವನಿಗೆ ಎಷ್ಟು ಅರ್ಥವಾಯಿತೋ, ಬನ್ನಿನ ಕಡೆಯೇ ನೋಡುತ್ತಿದ್ದ. ಆಮೇಲೆ, "ನನ್ನ ತಮ್ಮನ ದಿನ ನನ್ಗೆ ಗೊತ್ತು" ಅಂದ. ಅಷ್ಟೇ. ಹೋಗಿ ಬಾಗಿಲು ಹಾಕಿಕೊಂಡ.

ಅಕ್ಕಾ, ಆ ಹುಡುಗನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ. ಅದನ್ನು ಹೊರಗೆ ತೆಗೆಯಲು ನನಗೆ ಬರುವುದಿಲ್ಲ, ನಾನು ಎಲ್ಲೂ ಓಡಿದವಳಲ್ಲ. ನೀನು ಓಡಿದವಳು. ಅಂಗಿ ಇಸ್ತ್ರಿ ಬೇಡ, ನಿಜ ಬರೆ.

ಬೊಕ್‌ಸಿಲ್


ಇಕುನೊ
ಜುಲೈ ೨

ಬೊಕ್‌ಸಿಲ್,

ಶಿಬಿರದಲ್ಲಿ ಯಾಕೆ ಬಂದೆ ಎಂದು ಕೇಳಿದರು. ಕೆಲಸ ಹುಡುಕಿಕೊಂಡು ಎಂದೆ. ಅದು ಸುಳ್ಳು. ನಿಜ ಹೇಳಿದ್ದರೆ ಕೆಂಪು ಪಕ್ಷದವರ ಮಗಳು ಎಂದು ವಾಪಸ್ಸು ಹಡಗು ಹತ್ತಿಸುತ್ತಿದ್ದರು. ಹಾಗಾಗಿ ನನ್ನಿಂದ ಕಲಿಯುವಂಥದ್ದು ಏನೂ ಇಲ್ಲ.

ಇನ್ನು ಈ ವಿಷಯ ಎತ್ತಬೇಡ.

ಮ್ಯೊಂಗ್‌ವೊಲ್


ಹಾನ್ಮುಲ್
ಜುಲೈ ೯

ಅಕ್ಕಾ,

ಎತ್ತುತ್ತೇನೆ. ನೀನು ಒಸಾಕಾದಲ್ಲಿ ಕೂತು ಹಲ್ಲು ಕಡಿದರೆ ಇಲ್ಲಿ ನನಗೇನು ನೋಯುತ್ತದಾ?

ಎಪ್ಪತ್ತು ವರ್ಷ ಆಯಿತು. ಎರಡು ಸಲ ಊರಿಗೆ ಬಂದೆ, ಎರಡು ಸಲವೂ ಸುಬೊಂಗನ ಎಡೆಗೆ ತಲೆಬಾಗಿ ಎದ್ದು ಹೋದೆ. ಅವನ ಬಗ್ಗೆ ಒಂದು ಮಾತು ಆಡಲಿಲ್ಲ. ನಾನು ಆಗ ಮೂರು ವರ್ಷದವಳು, ಅವನ ಮುಖವೂ ನನಗೆ ನೆನಪಿಲ್ಲ. ನೀನು ಹೇಳಿದರೆ ತಾನೇ ನನಗೊಬ್ಬ ಅಣ್ಣ ಇದ್ದದ್ದು? ಇರಲಿ, ನನಗೆ ಹೇಳಬೇಡ. ಈ ಹುಡುಗನಿಗೆ ಹೇಳು. ಇವನಿಗೆ ಇನ್ನು ಇಪ್ಪತ್ತೆರಡು ದಿನ ಇದೆ.

ಬು ಇಂಜಾ ಕೂಡ ಮೊನ್ನೆ ಒಂದು ಬುಟ್ಟಿ ಕಡಲಚಿಪ್ಪು ತಂದು ಅಂಗಳದಲ್ಲಿಟ್ಟು, "ನಿಮ್ಮ ಒಂಟೆಗೆ ಬೇಯಿಸಿ ಹಾಕು" ಎಂದು ಮುಖ ತಿರುಗಿಸಿಕೊಂಡು ಹೋದಳು. ಅಂಥವಳೇ ಕರಗಿದ್ದಾಳೆ. ನೀನು ಅವಳಿಗಿಂತ ಗಟ್ಟಿಯಾ?

ಬೊಕ್‌ಸಿಲ್


ಇಕುನೊ
ಜುಲೈ ೧೬

ಬೊಕ್‌ಸಿಲ್,

ಇದನ್ನು ಒಂದೇ ಸಲಕ್ಕೆ ಬರೆಯುತ್ತೇನೆ. ತಿದ್ದುವುದಿಲ್ಲ. ತಿದ್ದಲು ಕೂತರೆ ಹರಿದುಹಾಕುತ್ತೇನೆ.

ಅಮ್ಮ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗೆ ಕಡಲ ಊರಿನಲ್ಲಿದ್ದಳು. ನಾನು, ಸುಬೊಂಗ್, ಅಜ್ಜಿ ಗುಡ್ಡದ ಮೇಲಿನ ಊರಿನಲ್ಲಿದ್ದೆವು. ಕೆಂಪು ಪಕ್ಷದವರನ್ನು ಹುಡುಕುತ್ತಾ ಬಂದ ಸೈನಿಕರು ಊರು ಸುಟ್ಟ ಮೇಲೆ ಗುಹೆಯಲ್ಲಿ ಅಡಗಿದೆವು. ಅಜ್ಜಿ ಅಲ್ಲೇ ತೀರಿಕೊಂಡಳು. ಇಷ್ಟು ನಿನಗೆ ಗೊತ್ತು. ನಾನು ಅಮ್ಮನಿಗೆ ಹೇಳಿದ್ದು ಏನೆಂದರೆ, ಓಡುವ ಗುಂಪಿನಲ್ಲಿ ಸುಬೊಂಗನ ಕೈ ತಪ್ಪಿತು, ಯಾರೋ ಹೆಂಗಸು ಅವನನ್ನು ಎತ್ತಿಕೊಂಡು ಹೋದದ್ದು ಕಂಡೆ, ಎಲ್ಲೋ ಬದುಕಿರುತ್ತಾನೆ. ಅದೂ ನಿನಗೆ ಗೊತ್ತು.

ಗುಂಪು ಇರಲಿಲ್ಲ. ನಾವಿಬ್ಬರೇ ಇದ್ದೆವು. ಹನ್ನೊಂದನೇ ತಿಂಗಳ ಇಪ್ಪತ್ತೇಳು, ಬೆಳಗ್ಗೆ. ಹಿಮ ಮೊಣಕಾಲು ಮಟ್ಟ. ಹಿಂದೆ ಬೂಟುಗಳ ಸದ್ದು ಕೇಳುತ್ತಿತ್ತು. ಬತ್ತಿದ ಕೆರೆಯ ಪಕ್ಕ ದಾರಿ ಎರಡಾಗುವಲ್ಲಿ ಒಂದು ಕವಲೊಡೆದ ಪೈನ್ ಮರ ಇದೆ. ಅಲ್ಲಿ ಅವನ ಕಾಲಿನ ರಬ್ಬರ್ ಚಪ್ಪಲಿ ಹಿಮದಲ್ಲಿ ಹೂತುಹೋಯಿತು. "ಅಕ್ಕಾ, ಚಪ್ಲಿ, ಚಪ್ಲಿ" ಎಂದು ನನ್ನ ಕೈ ಹಿಂದಕ್ಕೆ ಎಳೆದ. ನಾನು ಮುಂದಕ್ಕೆ ಎಳೆದೆ. ಅವನು ಕುಳಿತುಬಿಟ್ಟ. ನಾನು ಕೈ ಬಿಟ್ಟೆ.

ತಪ್ಪಿದ್ದಲ್ಲ ಬೊಕ್‌ಸಿಲ್. ಬಿಟ್ಟದ್ದು. ಬಿಡಬೇಕು ಎಂದುಕೊಂಡೇ ಬಿಟ್ಟೆ. ಓಡಿದೆ. ಎರಡು ಗುಂಡಿನ ಸದ್ದು ಕೇಳಿತು. ತಿರುಗಿ ನೋಡಲಿಲ್ಲ.

ಕೆಳಗೆ ಬಂದಾಗ ಅಮ್ಮ ನನ್ನ ಹಿಂದೆ ಅವನನ್ನು ಹುಡುಕುತ್ತಾ ಕತ್ತು ಉದ್ದ ಮಾಡಿದಳು. ಆ ಮುಖ ನೋಡಿ ಬಾಯಿಗೆ ಬಂದ ಸುಳ್ಳು ಹೇಳಿದೆ. ಮುಂದಿನ ವರ್ಷ ನನ್ನನ್ನು ದೋಣಿ ಹತ್ತಿಸಿದರು. ಬಹಳ ವರ್ಷದ ಮೇಲೆ ನೀವು ಹುಟ್ಟಿದ ದಿನ ಎಡೆ ಇಡುತ್ತೀರಿ ಎಂದು ಗೊತ್ತಾಯಿತು. ಸರಿಯಾದ ದಿನ ನನ್ನ ಬಳಿ ಇತ್ತು. ಕೊಡಲಿಲ್ಲ. ಎಂಬತ್ತೆಂಟರಲ್ಲಿ ಬಂದಾಗ ತಪ್ಪು ದಿನದ ಎಡೆಯ ಮೀನು ತಿಂದೆ. ಗಂಟಲಲ್ಲಿ ಇಳಿಯಿತು, ಅದೇ ಆಶ್ಚರ್ಯ.

ಹುಡುಗನಿಗೆ ಇದನ್ನು ಓದಿ ಹೇಳು. ಸುಮ್ಮನಿದ್ದರೆ ನಿಧಾನಕ್ಕೆ ಮರೆಯುತ್ತದೆ ಎಂದು ಯಾರಾದರೂ ಅವನಿಗೆ ಹೇಳಿದ್ದರೆ ಅದು ಸುಳ್ಳು ಎಂದು ಹೇಳು. ನನಗೆ ಎಂಬತ್ತಮೂರು.

ಮ್ಯೊಂಗ್‌ವೊಲ್


ಇಕುನೊ
ಆಗಸ್ಟ್ ೪

ಬೊಕ್‌ಸಿಲ್,

ಇಪ್ಪತ್ತು ದಿನ ಆಯಿತು. ಬೈಯುವುದಾದರೂ ಬೈದು ಬರೆ. ಹುಡುಗನ ವಿಚಾರಣೆ ಏನಾಯಿತು ಎಂದಷ್ಟಾದರೂ ತಿಳಿಸು.

ಅಕ್ಕ


ಹಾನ್ಮುಲ್
ಆಗಸ್ಟ್ ೮

ಅಕ್ಕಾ,

ಬೈಯಲೆಂದೇ ಮೂರು ಸಲ ಕುಳಿತೆ. ಮೂರು ಹಾಳೆಯೂ ಒಲೆಗೆ ಹೋದವು. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಕೈ ಬಿಟ್ಟದ್ದಕ್ಕಲ್ಲ. ಹದಿಮೂರು ವರ್ಷದ ಹುಡುಗಿ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನೇನು ರಾಕ್ಷಸಿಯಾ? ಅಮ್ಮ ಸಾಯುವವರೆಗೂ ನಿನ್ನ ಮಾತು ನಂಬಿ ಕಾದಳಲ್ಲ, ಅದಕ್ಕೆ. ಅವಳ ಮನಸ್ಸಿನಲ್ಲಿ ಆ ಮಗ ಎಲ್ಲೋ ದೊಡ್ಡವನಾಗುತ್ತಿದ್ದ. ಅದು ನೆನಪಾದಾಗಲೆಲ್ಲ ಪಾತ್ರೆ ಕುಕ್ಕಿದೆ. ಒಂದು ಗಡಿಗೆ ಒಡೆಯಿತು.

ಆದರೂ ನೀನು ಹೇಳಿದ ಹಾಗೆ ಮಾಡಿದೆ. ಜುಲೈ ಇಪ್ಪತ್ತೆರಡು, ಭಾನುವಾರ, ಯೂರಿಮ್‌ಳನ್ನು ಕರೆಸಿದೆ. ಅಂಗಳದಲ್ಲಿ ಚಾಪೆ ಹಾಸಿ, ಕಲ್ಲಂಗಡಿ ಹೆಚ್ಚಿಟ್ಟು, ನಿನ್ನ ಕಾಗದ ನಾನೇ ಗಟ್ಟಿಯಾಗಿ ಓದಿದೆ. ಅವಳು ಸಾಲು ಸಾಲಾಗಿ ಅರಬ್ಬಿಯಲ್ಲಿ ಹೇಳಿದಳು. "ನಾನು ಕೈ ಬಿಟ್ಟೆ" ಎಂಬಲ್ಲಿ ಅವಳು ನಿಂತುಬಿಟ್ಟಳು. "ಹೇಳೇ, ಅದನ್ನ ಹೇಳೋಕೇ ತಾನೇ ನಿನ್ನ ಕರ್ಸಿದ್ದು" ಎಂದು ಗದರಿದೆ. ಹೇಳಿದಳು.

ಅಕ್ಕಾ, ಅವನು ಎದ್ದು ಬಂದು ನಿನ್ನ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ. ಒಂದಕ್ಷರ ಬರದವನು, ಆ ಸಾಲುಗಳ ಮೇಲೆ ಬೆರಳಾಡಿಸಿದ. ಆಮೇಲೆ ಶುರು ಮಾಡಿದ ನೋಡು, ಬಾಯಿಗೆ ಹಾಕಿದ್ದ ಬೀಗ ಬಿದ್ದುಹೋಯಿತು! ಯೂರಿಮ್‌ಗೆ ಹಿಂಬಾಲಿಸಲು ಆಗಲಿಲ್ಲ, "ಸ್ವಲ್ಪ ನಿಧಾನ, ನಿಧಾನ" ಅನ್ನುತ್ತಲೇ ಇದ್ದಳು.

ಅಣ್ಣತಮ್ಮ ಇಬ್ಬರೂ ಬಸ್ಸಿನಲ್ಲಿ ಊರು ಬಿಟ್ಟಿದ್ದರಂತೆ. ದಾರಿಯಲ್ಲಿ ಬಂದೂಕಿನವರು ಬಸ್ಸು ನಿಲ್ಲಿಸಿ, ಮುಂದಿನ ಸೀಟಿನಲ್ಲಿದ್ದ ರಶಾದ್‌ನನ್ನು ಕೆಳಗಿಳಿಸಿದರು. ಹದಿನೈದು ವರ್ಷ ಅವನಿಗೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಹಿಂದಿನ ಸೀಟಿನವರೆಗೂ ಬಂದು ಮುನೀಫ್‌ನನ್ನು ಕೇಳಿದರು, "ಇವನು ನಿನ್ನ ಕಡೆಯವನಾ?" ಮುನೀಫ್, "ಗೊತ್ತಿಲ್ಲ" ಅಂದ. ತಮ್ಮ ಕಿಟಕಿಯ ಆಚೆಯಿಂದ ನೋಡುತ್ತಿದ್ದ. ಅದನ್ನು ಕೇಳಿಸಿಕೊಂಡ. ಬಸ್ಸು ಹೊರಟ ಮೇಲೆ ಗುಂಡಿನ ಸದ್ದು. ಅವತ್ತಿನಿಂದ ಎಲ್ಲಿ ಯಾವ ಕಾಗದ ಕೊಟ್ಟರೂ ಅದರಲ್ಲಿ ತಮ್ಮನ ಹೆಸರು ಬರೆಯುತ್ತಾ ಬಂದಿದ್ದಾನೆ. ಒಂದು ಸಲ ಗೊತ್ತಿಲ್ಲ ಅಂದದ್ದಕ್ಕೆ.

ನಾನು ಅವನನ್ನು ಹಿಡಿದುಕೊಂಡು ಅತ್ತೆ. ಗೋಡೆಯಾಚೆಯಿಂದ ಬು ಇಂಜಾ ಇಣುಕಿ, "ಯಾರಾದ್ರೂ ಸತ್ರಾ?" ಎಂದಳು. "ಹೂಂ, ಇಬ್ರು ಮಕ್ಳು" ಎಂದೆ. ಅವಳು ಒಳಗೆ ಬಂದು ಚಾಪೆಯ ತುದಿಯಲ್ಲಿ ಕುಳಿತುಕೊಂಡಳು.

ಮೂವತ್ತೊಂದಕ್ಕೆ ವಿಚಾರಣೆ. ಮೂರು ಗಂಟೆ ನಡೆಯಿತು. ನಾವು ಮುಳುಗಾಳು ಹೆಂಗಸರು ಆರು ಜನ ಕಚೇರಿಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು, ಕಾವಲಿನವನು ಎರಡು ಸಲ ಬಂದು "ಅಜ್ಜೀರೆ, ಸ್ವಲ್ಪ ಮೆಲ್ಲಗೆ" ಅಂದ. ಎಲ್ಲವನ್ನೂ ಹೇಳಿದನಂತೆ ಅಕ್ಕಾ! ಮೊದಲಿನಿಂದ ಕೊನೆಯವರೆಗೆ! ಅಧಿಕಾರಿ ಕೊನೆಗೆ, "ಇದನ್ನು ಮೊದಲನೇ ಸಲವೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಅವನು ಕೊಟ್ಟ ಉತ್ತರವನ್ನು ಯೂರಿಮ್ ನನಗೆ ಚೀಟಿಯಲ್ಲಿ ಬರೆದುಕೊಟ್ಟಳು. "ನಾನು ಹೇಳೋವರ್ಗೂ ಅವ್ನು ಬದ್ಕಿದ್ದ."

ಫಲಿತಾಂಶಕ್ಕೆ ಕಾಯಬೇಕು. ನನಗೆ ಊಟ ಸೇರುತ್ತಿಲ್ಲ, ನೀರಿಗಿಳಿದರೆ ಉಸಿರು ಹಿಡಿಯಲು ಆಗುತ್ತಿಲ್ಲ. ಸಿಟ್ಟು ಇಳಿದ ಮೇಲೆ ನಿನಗೆ ಬೇರೆ ಕಾಗದ ಬರೆಯುತ್ತೇನೆ.

ಬೊಕ್‌ಸಿಲ್


ಇಕುನೊ
ಆಗಸ್ಟ್ ೨೦

ಬೊಕ್‌ಸಿಲ್,

ಆ ಚೀಟಿಯ ಮಾತನ್ನು ನಾನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಮಗ ಯಾಕಮ್ಮ ಅಳ್ತಿದೀಯ ಎಂದು ಕೇಳಿದ. ಅವನನ್ನೂ ಕೂರಿಸಿ ಎಲ್ಲ ಹೇಳಿದೆ. ಅವನಿಗೆ ಐವತ್ತೆಂಟು, ತನಗೊಬ್ಬ ಮಾವ ಇದ್ದ ಎಂದು ಇವತ್ತು ಗೊತ್ತಾಯಿತು.

ಸಿಟ್ಟು ಇಳಿಯದಿದ್ದರೂ ಪರವಾಗಿಲ್ಲ. ಅದು ನಿನ್ನ ಹಕ್ಕು. ಅಮ್ಮನ ಬಳಿ ಮಾತ್ರ ಕ್ಷಮೆ ಕೇಳಲು ಆಗಲಿಲ್ಲ, ಅದೊಂದು ಹಾಗೇ ಉಳಿಯಿತು.

ಅಕ್ಕ


ಹಾನ್ಮುಲ್
ಸೆಪ್ಟೆಂಬರ್ ೧೭

ಅಕ್ಕಾ! ಅಕ್ಕಾ!

ಸಿಕ್ಕಿತು! ಇರಲು ಅನುಮತಿ ಸಿಕ್ಕಿತು! ಪೂರ್ತಿ ಆಶ್ರಯ ಅಲ್ಲ, ಒಂದು ವರ್ಷಕ್ಕೆ, ವರ್ಷ ವರ್ಷ ಮುಂದುವರಿಸಬೇಕಂತೆ. ಆದರೆ ಕಳಿಸುವುದಿಲ್ಲ! ಶುಕ್ರವಾರ ಕಾಗದ ಬಂತು. ಅವನು ಓಡಿ ಬರುವ ರಭಸಕ್ಕೆ ಬಾಗಿಲಿಗೆ ಹಣೆ ಹೊಡೆದುಕೊಂಡು, ಊದಿದ ಹಣೆಯಲ್ಲೇ ನನ್ನನ್ನು ಎತ್ತಿ ಅಂಗಳದಲ್ಲಿ ಒಂದು ಸುತ್ತು ತಿರುಗಿಸಿದ. "ಬಿಡೋ ಕತ್ತೆ, ಸೊಂಟ ಮುರೀತದೆ" ಎಂದು ಕೂಗಿದೆ, ಬಿಡಲಿಲ್ಲ. ಬು ಇಂಜಾ ಊರಿಗೆಲ್ಲ ತಾನೇ ಅರ್ಜಿ ಬರೆದವಳಂತೆ ಹೇಳಿಕೊಂಡು ತಿರುಗುತ್ತಿದ್ದಾಳೆ.

ಅದೇ ಶುಕ್ರವಾರ ಅವನ ಅಮ್ಮನ ಫೋನ್. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ, ಕೈ ಹಿಡಿದುಕೊಂಡ. ಯೂರಿಮ್ ಇನ್ನೊಂದು ಪಕ್ಕ. ರಶಾದ್ ಎಲ್ಲಿ ಎಂದು ಅವಳು ಕೇಳಿದಳು. ಇವನು ಹೇಳಿದ. ಬಸ್ಸು, ಕಿಟಕಿ, ಗೊತ್ತಿಲ್ಲ ಅಂದದ್ದು, ಎಲ್ಲ. ಫೋನಿನಲ್ಲಿ ಆ ತಾಯಿಯ ಮುಖ ಕಾಣುತ್ತಿತ್ತು. ಅವಳು ಕಿರುಚುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕಿರುಚಲಿಲ್ಲ. ಅವಳು ಅಂದದ್ದು ಇದು: "ನನ್ಗೆ ಗೊತ್ತಿತ್ತು ಮಗ್ನೇ. ಬಸ್ಸಲ್ಲಿದ್ದ ಹೆಂಗ್ಸು ಆ ವಾರಾನೇ ಬಂದು ಹೇಳಿದ್ಳು. ನಾನು ಗೊತ್ತು ಅಂದ್ಬಿಟ್ರೆ ನೀನು ಮತ್ತೆ ಫೋನ್ ಮಾಡಲ್ಲ ಅಂತ ಭಯ ಆಯ್ತು. ಅದ್ಕೇ ಕೇಳ್ತಾ ಇದ್ದೆ."

ಅವತ್ತು ಅದನ್ನು ಕೇಳಿ ಅತ್ತೆ, ಅಷ್ಟೇ. ನನಗೆ ಅದರಿಂದ ಏನೂ ಹೊಳೆಯಲಿಲ್ಲ. ಹೊಳೆದದ್ದು ನಿನ್ನೆ.

ನಿನ್ನೆ ಭಾನುವಾರ ಗೋರಿಗಳ ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋದೆವು. ಮುನೀಫ್ ಕುಡುಗೋಲು ಹಿಡಿದು ಜೊತೆಗೆ ಬಂದ. ಅಪ್ಪನದು, ಅಜ್ಜಿಯದು, ಅಮ್ಮನದು ಮುಗಿಸಿ ಕೊನೆಗೆ ಆ ಸಣ್ಣದಕ್ಕೆ ಹೋದೆವು. ನಿನಗೆ ಅದು ಗೊತ್ತಿಲ್ಲ. ದಾರಿಯ ಪಕ್ಕ ಕಲ್ಲಿನ ಗೂಡು ಕಟ್ಟಿದ ಮೊಣಕೈ ಉದ್ದದ ಗೋರಿ, ಹೆಸರಿಲ್ಲ. ನಾನು ಸಣ್ಣವಳಿದ್ದಾಗಿನಿಂದ ಅಮ್ಮ ನನ್ನ ಕೈಯಲ್ಲಿ ಕೊಯ್ಯಿಸುತ್ತಿದ್ದಳು. "ಯಾರೂ ಇಲ್ದಿರೋ ಕೂಸು, ನಾವೇ ನೋಡ್ಕೋಬೇಕು. ಯಾರ್ದು ಅಂತ ಕೇಳ್ಬೇಡ" ಎನ್ನುತ್ತಿದ್ದಳು. ಅರವತ್ತು ವರ್ಷದಿಂದ ಕೊಯ್ಯುತ್ತಿದ್ದೇನೆ, ಕೇಳಿಲ್ಲ. ನಿನ್ನೆ ಹುಲ್ಲು ಕೊಯ್ದು ಸೊಂಟ ನೆಟ್ಟಗೆ ಮಾಡಿ ಎದ್ದೆ. ಎದುರಿಗೆ ಬತ್ತಿದ ಕೆರೆ. ದಾರಿ ಅಲ್ಲಿ ಎರಡಾಗುತ್ತದೆ. ಗೋರಿಯ ತಲೆಯ ಕಡೆ ಕವಲೊಡೆದ ಪೈನ್ ಮರ.

ಕುಡುಗೋಲು ಕೈಯಿಂದ ಬಿತ್ತು.

ಅಮ್ಮ ಅವನನ್ನು ಹುಡುಕಿಕೊಂಡು ಹೋಗಿದ್ದಳು ಅಕ್ಕಾ. ಹಿಮ ಕರಗಿದಾಗಲೋ ಏನೋ, ನನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಹೋಗಿರಬೇಕು. ಅವಳೇ ಹೂತಳು, ಅವಳೇ ಕಲ್ಲು ಜೋಡಿಸಿದಳು. ನೀನು ಎಂಬತ್ತೆಂಟರಲ್ಲಿ ಎಡೆಗೆ ಬಂದವಳು ಹುಲ್ಲು ಕೊಯ್ಯುವ ಕಾಲದವರೆಗೂ ಇದ್ದೆ, ನೆನಪಿದೆಯಾ? ಅಮ್ಮ ನನ್ನೊಬ್ಬಳನ್ನೇ ಆ ದಾರಿಗೆ ಕಳಿಸಿದಳು. "ಮ್ಯೊಂಗ್‌ವೊಲ್‌ಗೆ ಮೊಣಕಾಲು ನೋವು, ಅವ್ಳು ಬೇಡ" ಅಂದಳು. ಆಗ ನಿನಗೆ ಐವತ್ತಮೂರು, ನಿನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಅವಳು ನಂಬಿ ಕಾದಳು ಎಂದು ನಾನು ಗಡಿಗೆ ಒಡೆದೆನಲ್ಲ, ಅವಳು ಒಂದು ದಿನವೂ ನಂಬಿರಲಿಲ್ಲ. ನೀನು ಸುಳ್ಳು ಹೇಳಿದ ಆ ಚಳಿಗಾಲದಿಂದಲೇ ಅವಳಿಗೆ ಎಲ್ಲ ಗೊತ್ತಿತ್ತು. ನೀನು ಒಬ್ಬಳೇ ಇಳಿದು ಬಂದ ದಿನದಿಂದ ಲೆಕ್ಕ ಹಾಕಿ ಸತ್ತ ದಿನವೂ ತಿಳಿದುಕೊಂಡಿದ್ದಳು. ಆ ದಿನ ಎಡೆ ಇಟ್ಟಿದ್ದರೆ, ಅವಳಿಗೆ ಗೊತ್ತು ಎಂದು ನಿನಗೆ ತಿಳಿದುಬಿಡುತ್ತಿತ್ತು.

ಹನ್ನೊಂದನೇ ತಿಂಗಳ ಇಪ್ಪತ್ತೇಳಕ್ಕೆ ಬಾ. ಸಾಮಾನು ಎತ್ತಲು ಮುನೀಫ್ ವಿಮಾನ ನಿಲ್ದಾಣಕ್ಕೆ ಬರುತ್ತಾನೆ, ಜನರ ತಲೆಗಳ ಮೇಲೆ ಕಾಣಿಸುತ್ತಾನೆ. ನೀನು ಅಮ್ಮನ ಹತ್ತಿರ ಕ್ಷಮೆ ಕೇಳುವ ಅಗತ್ಯ ಇಲ್ಲ ಅಕ್ಕಾ. ಅಮ್ಮ ಪ್ರತಿ ವರ್ಷ ತಪ್ಪು ದಿನ ಎಡೆ ಇಟ್ಟದ್ದು ನಿನಗೋಸ್ಕರ.

ನಿನ್ನ ತಂಗಿ
ಬೊಕ್‌ಸಿಲ್